ವಾಡೆಯ ಮೋಟಾರು ಬಿಚ್ಚಿದ ಮಿಸ್ತ್ರಿ ಕಾಕಾ

ಮಿಸ್ತ್ರಿ ಕಾಕಾನ ಮುಂದಿನ ಎರಡು ಹಲ್ಲುಗಳ ಅಂಚಿನಲ್ಲಿ ಅರ್ಧ ಜೋಳದ ಕಾಳು ಕೂರುವಷ್ಟು ತಗ್ಗು ಬಿದ್ದಿತ್ತು. ಯುದ್ಧದ ಕಾಲದಲ್ಲಿ ಲಷ್ಕರದ ಕಾರಖಾನೆಯಲ್ಲಿ ದುಡಿದು ಅವನ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಓಡುವ ಎಂಜಿನ್ನಿನ ಸಪ್ಪಳವನ್ನು ಅವನು ಹಲ್ಲಿನಿಂದ ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ನೋಡಿದವರಿಗೆ ನಗು ಬರುತ್ತಿತ್ತು. ನನಗೂ ಮೊದಮೊದಲು ಬಂದಿತ್ತು. ಆಮೇಲಾಮೇಲೆ ಅವನ ಹುಬ್ಬು ಗಂಟಿಕ್ಕಿತೆಂದರೆ ನನ್ನ ಎದೆ ಧಸಕ್ಕೆನ್ನತೊಡಗಿತು.

ನಾನು ಆಗ ವಾಡೆಯ, ಅಂದರೆ ಧಣಿಗಳ ದೊಡ್ಡ ಮನೆಯ, ಡ್ರೈವರು. ವಯಸ್ಸು ಇಪ್ಪತ್ತೈದರ ಆಸುಪಾಸು. ಸಂಸ್ಥಾನಗಳೆಲ್ಲ ವಿಲೀನವಾಗಿ, ದೊಡ್ಡವರ ಲಾಯದ ಕುದುರೆ, ಮೋಟಾರು, ಗಡಿಯಾರಗಳೆಲ್ಲ ಅಗ್ಗಕ್ಕೆ ಹರಾಜಾಗುತ್ತಿದ್ದ ದಿನಗಳವು. ಉಟಗಿಯ ಕಡೆಯ ನಮ್ಮ ವಾಡೆಯ ಧಣಿ ಚಿಕ್ಕ ವಯಸ್ಸಿನವರು. ಊರವರಿಗೆಲ್ಲ ಅವರು ‘ಸರಕಾರ’. ಜಮೀನು ದಿನದಿನಕ್ಕೂ ಕೈಬಿಡುತ್ತಿದ್ದರೂ ಆ ಹೆಸರು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಅವರು ಹೋಗಿ ಹೋಗಿ ಅಂಥದೊಂದು ಹರಾಜಿನಲ್ಲಿ ವಿಲಾಯತಿ ಮೋಟಾರೊಂದನ್ನು ತಂದರು. ಇಬ್ಬರೇ ಕೂರುವಂಥದ್ದು, ಮೇಲೆ ಮಾಡು ಇಲ್ಲ, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ಗಿಡ್ಡ, ಓಟದ ಪಂದ್ಯಕ್ಕೆಂದೇ ಮಾಡಿದ ಗಾಡಿ. ನಮ್ಮ ಕಡೆಯ ರಸ್ತೆಯಲ್ಲಿ ಅದನ್ನು ನಡೆಸುವುದೆಂದರೆ ಮೈಯ ಎಲುಬೆಲ್ಲ ಎಣಿಕೆಗೆ ಸಿಗುತ್ತಿದ್ದವು. ಇದ್ದ ವೇಗ ಸರಕಾರರಿಗೆ ಸಾಲಲಿಲ್ಲ. ಮುಂಬಯಿ ಕಡೆ ಯುದ್ಧಕಾಲದಲ್ಲಿ ವಿಮಾನ ಇಳಿಸಲು ಮಾಡಿದ ಪಟ್ಟಿಯೊಂದರ ಮೇಲೆ ಮೋಟಾರಿನ ಪಂದ್ಯ ನಡೆಯುತ್ತದೆಂದು ಕೇಳಿ, ಅಲ್ಲಿಂದ ಹೊಸ ಪಿಸ್ಟನ್ನು ತರಿಸಿ ಎಂಜಿನ್ನಿನ ಬಲ ಹೆಚ್ಚಿಸಿದರು. ಆಗಲೇ ಮಿಸ್ತ್ರಿ ಕಾಕಾನನ್ನು ಕರೆಸಿದ್ದು.

ಕಾಕಾ ಬಂದವನೇ ಗಾಡಿಯ ಚಂದ ನೋಡಲಿಲ್ಲ. ಸ್ಕ್ರೂಡ್ರೈವರು ಕಚ್ಚಿ ಕೂತ. ಎದ್ದು, ಬಾಯಿ ಒರೆಸಿಕೊಂಡು, “ಸರಕಾರ, ಹಳೇ ನೊಗಕ್ಕ ಹೊಸಾ ಹೋರಿ ಹೂಡೀರಿ. ನೊಗಾ ಮುರೀತೈತ್ರಿ” ಎಂದ.

ನೊಗ ಎಂದದ್ದು ಕನೆಕ್ಟಿಂಗ್ ರಾಡಿಗೆ. ಪಿಸ್ಟನ್ನು ಮೇಲೆ ಕೆಳಗೆ ಕುಣಿಯುತ್ತದಲ್ಲ, ಆ ಕುಣಿತವನ್ನು ಕೆಳಗಿನ ಕ್ರ್ಯಾಂಕಿಗೆ ಮುಟ್ಟಿಸಿ ಅದನ್ನು ಗರಗರ ತಿರುಗಿಸುವ ಉಕ್ಕಿನ ತೋಳು ಅದು. ಎಂಜಿನ್ನಿನ ಬಲ ಹೆಚ್ಚಿತೆಂದರೆ ಏಟೆಲ್ಲ ಅದರ ಮೇಲೆ. ರಾಡು ಮುರಿದರೆ ಸುಮ್ಮನೆ ಮುರಿಯುವುದಿಲ್ಲ, ಎಂಜಿನ್ನಿನ ಹೊಟ್ಟೆ ಒಡೆದುಕೊಂಡು ಹೊರಗೆ ಬರುತ್ತದೆ. ನಡೆಸುವವನ ಮೊಣಕಾಲು ಅಲ್ಲಿಂದ ಗೇಣು ದೂರ. ಈ ಮಾತನ್ನು ಕಾಕಾ ನನಗೆ ಸಾವಕಾಶವಾಗಿ, ತಂಬಾಕು ತಿಕ್ಕುತ್ತ ತಿಳಿಸಿ ಹೇಳಿದ ಮೇಲೆ ನನಗೆ ಆ ಗಾಡಿಯ ಹತ್ತಿರ ಹೋಗಲಿಕ್ಕೇ ಮನಸ್ಸಿರಲಿಲ್ಲ.

ಸರಕಾರರು ಒಪ್ಪಿದರು. ಹೊಸ ರಾಡು ವಿಲಾಯತಿಯಿಂದ ಮುಂಬಯಿಗೆ, ಅಲ್ಲಿಂದ ನಮ್ಮಲ್ಲಿಗೆ ಬರುವ ಹೊತ್ತಿಗೆ ಒಂದು ಬೇಸಿಗೆ ಕಳೆಯಿತು. ಆ ದಿನಗಳಲ್ಲೇ ಸರಕಾರರು ಕಾಕಾನಿಗೆ ಒಂದು ಮಾತು ಕೊಟ್ಟಿದ್ದರು. ವಾಡೆಯ ಹಿಂದಿನ ಕೋಣೆಯಲ್ಲಿ ಕಬ್ಬಿಣವನ್ನು ತಿರುಗಿಸಿ ಕೊರೆಯುವ ಹಳೆಯ ಲೇಥು ಒಂದು ಧೂಳು ತಿನ್ನುತ್ತ ಬಿದ್ದಿತ್ತು. ಎಂಜಿನ್ನು ಚಲೋ ಓಡಿದರೆ ಅದು ಕಾಕಾನದು.

ಲೇಥೆಂದರೆ ಕಾಕಾನಿಗೆ ಎಷ್ಟು ಆಸೆಯಿತ್ತೆಂಬುದು ಅವನ ಜೊತೆ ಮಿರಜಿಗೆ ಓಡಾಡಿದವರಿಗೇ ಗೊತ್ತು. ನಮ್ಮ ಕಡೆ ಒಂದು ಕಬ್ಬಿಣದ ತುಂಡನ್ನು ದುಂಡಗೆ ಕೊರೆಯಬೇಕಾದರೂ ಜತ್ತ ರೋಡ ಠೇಸನ್ನಿಗೆ ಹೋಗಿ, ಸಣ್ಣ ರೈಲು ಹಿಡಿದು ಮಿರಜ ಸೇರಬೇಕು. ಕೂರಲು ಜಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಕ್ರ್ಯಾಂಕನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ. ಅಲ್ಲಿಯ ಕಾರಖಾನೆಯವರು ನಾಳೆ ಬಾ ಎಂದರೆ ಧರ್ಮಶಾಲೆಯಲ್ಲಿ ಮಲಗಬೇಕು. ನಾಳೆಯೂ ಅವರು ನಾಳೆ ಬಾ ಅನ್ನುತ್ತಿದ್ದರು. “ದಣದ್ನೆಪಾ ತಮ್ಮಾ, ಈ ರೈಲಿಗಿ ದಣದ್ನಿ. ಒಂದ ಲೇಥ್ ಇದ್ರ ಮನ್ಯಾಗ ಕುಂತ ಉಣತಿದ್ದೆ” ಎನ್ನುವುದು ಕಾಕಾನ ದಿನದ ಜಪ. ಅವನು ದಣಿವಿನ ಮನುಷ್ಯ. ಕೆಲಸ ಇಲ್ಲದಾಗ ಗಾಡಿಯ ಕೆಳಗಿನ ನೆರಳಿನಲ್ಲೇ ಮಲಗಿಬಿಡುತ್ತಿದ್ದ. ಯಾರಾದರೂ ಕಾಲು ಹಿಡಿದು ಎಳೆದರೆ, ಕಣ್ಣು ತೆರೆಯದೆ ‘ಬಿಚ್ಚಾಕತ್ತೀನ್ರೀ’ ಎಂದು ಸುಳ್ಳು ಹೇಳುತ್ತಿದ್ದ. ಸಿಟ್ಟೂ ಇತ್ತು. ನಟ್ಟು ಬಿಚ್ಚುವ ಪಾನೆ ಕೇಳಿದಾಗ ತಪ್ಪು ಅಳತೆಯದನ್ನು ಕೊಟ್ಟರೆ ಅದನ್ನು ಬೇಲಿಯ ಆಚೆ ಎಸೆದು, ಆಮೇಲೆ ತಾನೇ ಹೋಗಿ ಹುಡುಕಿ ತರುತ್ತಿದ್ದ.

ರಾಡಿನ ಕೆಲಸದಲ್ಲಿ ಮಾತ್ರ ನಾನು ಬೇರೆಯೇ ಮನುಷ್ಯನನ್ನು ಕಂಡೆ. ನಾಲ್ಕು ರಾಡುಗಳ ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಎಂಜಿನ್ನು ನಡುಗಿ ನಡುಗಿಯೇ ಸಾಯುತ್ತದೆ ಎಂದು ಅವುಗಳನ್ನು ಚೀಲದಲ್ಲಿ ಹಾಕಿಕೊಂಡು ಪತ್ತಾರನ ಮನೆಗೆ ಹೋದೆವು. ಬಂಗಾರ ತೂಗುವ ತಕ್ಕಡಿಯಲ್ಲಿ ಕಬ್ಬಿಣ ಹಾಕಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆಂದು ಪತ್ತಾರ ಬಾಗಿಲಲ್ಲೇ ಕೈ ಅಡ್ಡ ಹಿಡಿದ. “ಹೋಗಾಕ ಆಕಿ ಬಂದಿದ್ದರ ಯಾವಾಗ?” ಎಂದು ಕಾಕಾ ಅಂದದ್ದರಿಂದ ತಕ್ಕಡಿಯ ನೆರಳೂ ನಮಗೆ ಸಿಗಲಿಲ್ಲ. ಕಡೆಗೆ ಬಿದಿರ ಕಡ್ಡಿಯೊಂದನ್ನು ನಡುವೆ ದಾರ ಕಟ್ಟಿ ತೂಗುಬಿಟ್ಟು, ಎರಡು ತುದಿಗೆ ಒಂದೊಂದು ರಾಡು ಕಟ್ಟಿ, ಭಾರವಾದದ್ದನ್ನು ಅರದಿಂದ ತಿಕ್ಕಿ, ಮತ್ತೆ ತೂಗಿ, ಮತ್ತೆ ತಿಕ್ಕಿ, ನಾಲ್ಕನ್ನೂ ಸಮ ಮಾಡಿದ. ರಾಡಿನ ಕೆಳತುದಿಯಲ್ಲಿ ಕ್ರ್ಯಾಂಕಿನ ಮೇಲೆ ಕೂರುವ ಉಂಗುರದೊಳಗೆ ವೈಟ್ ಮೆಟಲ್ ಎಂಬ ಬಿಳಿಯ ಮೆತ್ತನೆಯ ಲೋಹ ಎರೆದಿರುತ್ತಾರೆ. ಅದನ್ನು ಕೆರೆಯುವುದೇ ದೊಡ್ಡ ಕೆಲಸ. ನೀಲಿ ಬಣ್ಣ ಹಚ್ಚಿ ಕೂರಿಸುವುದು, ತಿರುಗಿಸುವುದು, ಬಿಚ್ಚುವುದು, ಬಣ್ಣ ಹತ್ತಿದ ಕಡೆ ಕೂದಲೆಳೆಯಷ್ಟು ಕೆರೆಯುವುದು. ದಸರೆ ಹತ್ತಿರ ಬರುವವರೆಗೂ ನಡೆದದ್ದು ಇಷ್ಟೇ. ನನಗೆ ನೋಡಿಯೇ ಕುತ್ತಿಗೆ ನೋಯುತ್ತಿತ್ತು.

ಹೊಸ ರಾಡಿನಲ್ಲಿ ಹಳೆಯದರಲ್ಲಿಲ್ಲದ ಒಂದು ವಿಶೇಷವಿತ್ತು. ಕೆಳಗಿನ ಉಂಗುರದ ಬಿಳಿ ಲೋಹದಿಂದ ಹಿಡಿದು, ಪಿಸ್ಟನ್ನಿಗೆ ರಾಡನ್ನು ಜೋಡಿಸುವ ಮೇಲಿನ ಪಿನ್ನಿನವರೆಗೆ ರಾಡಿನ ಹೊಟ್ಟೆಯಲ್ಲೇ ಒಂದು ಸಣ್ಣ ತೂತು. ಎಂಜಿನ್ನು ಓಡುವಾಗ ಎಣ್ಣೆ ಆ ತೂತಿನಲ್ಲಿ ಏರಿ ಪಿನ್ನಿಗೆ ಮುಟ್ಟಬೇಕು. ಕೆಲಸ ಮುಗಿದ ದಿನ ಕಾಕಾ ಪ್ರತಿಯೊಂದು ರಾಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ತೂತಿಗೆ ಬಾಯಿ ಹಚ್ಚಿ ಊದಿ, ಆ ಕಡೆಯಿಂದ ಗಾಳಿ ನನ್ನ ಕೆನ್ನೆಗೆ ಬಡಿಯುವಂತೆ ಹಿಡಿದು, “ಬಂತೇನು?” ಎಂದು ಕೇಳಿದ್ದ. ಬಂತೆಂದೆ. ಎಲ್ಲವನ್ನೂ ಹಳೆಯ ಧೋತರದಲ್ಲಿ ಸುತ್ತಿ ಮನೆಗೆ ಒಯ್ದ. ಮರುದಿನ ಖಂಡೇ ಪೂಜೆ. ಹತಾರುಗಳನ್ನೆಲ್ಲ ಮಣೆಯ ಮೇಲಿಟ್ಟು ಪೂಜಿಸಿ ಆ ದಿನ ಮುಟ್ಟದೆ ಬಿಡುವುದು ನಮ್ಮಲ್ಲಿಯ ಪದ್ಧತಿ.

ಅವನ ಮನೆಯಲ್ಲಿ ಇದ್ದವಳು ಅವನ ಅವ್ವ ಒಬ್ಬಳೇ. ನಾವೆಲ್ಲ ಆಯಿ ಅನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಕಂಡವರ ಮನೆಯ ಜೋಳ ಬೀಸಿ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಕಣ್ಣಿಗೆ ಪೊರೆ ಬಂದು ಬೆಳಕು, ನೆರಳು ಇಷ್ಟೇ ಕಾಣುತ್ತಿತ್ತು. ಮೊಣಕಾಲು ಹಿಡಿದಿತ್ತು. ಆದರೂ ಖಂಡೇ ಪೂಜೆಯ ದಿನ ಮಗನ ಹತಾರುಗಳಿಗೆ ವಿಭೂತಿ ಹಚ್ಚುವುದು ಅವಳದೇ ಹಕ್ಕು. ಒಂದೊಂದನ್ನೇ ಕೈಯಿಂದ ಸವರಿ, ಇದು ಪಾನೆ, ಇದು ಅರ, ಇದು ಸುತ್ತಿಗೆ ಎಂದು ಗುರುತು ಹಿಡಿದು ಮೂರು ಬೆರಳು ಎಳೆಯುತ್ತಿದ್ದಳು. ಹೊಸ ರಾಡುಗಳನ್ನು ತಾನೇ ಕೇಳಿ ಇಸಿದುಕೊಂಡಳು. ಪೂಜೆಯ ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎಂದು ಎಲ್ಲರೂ ಕಾಲಿಗೆ ಬಿದ್ದು ಎದ್ದೆವು. ಅದರ ಮಾರನೆಯ ದಿನ ಕಾಕಾ ರಾಡುಗಳ ಮೇಲಿನ ವಿಭೂತಿಯ ಪಟ್ಟೆಗಳನ್ನು ಎಣ್ಣೆಬಟ್ಟೆಯಿಂದ ಒರೆಸಿ, ಎಂಜಿನ್ನು ಜೋಡಿಸಿದ.

ಎಂಜಿನ್ನು ಬಿಚ್ಚಿದವನೇ ಮೊದಲು ಅದರ ಜೊತೆ ಕೂರಬೇಕೆಂಬುದು ಕಾಕಾನ ಕಟ್ಟಳೆ. “ನಾ ಕಟ್ಟಿದ್ದ ಮುರದ್ರ ಮೊದಲ ನನ್ನ ಕಾಲ ಹೋಗಲಿ” ಎನ್ನುತ್ತಿದ್ದ. ಚಪ್ಪಲಿ ಕಳಚಿ, ಬರಿಗಾಲನ್ನು ಗಾಡಿಯ ತಳಕ್ಕೆ ಒತ್ತಿಕೊಂಡು ನನ್ನ ಪಕ್ಕ ಕೂರುತ್ತಿದ್ದ. ಓಡುವ ಗಾಡಿಯಲ್ಲಿ ಅವನ ಕಿವಿ ಅಂಗಾಲಿಗೆ ಇಳಿಯುತ್ತಿತ್ತು. ದೀಪಾವಳಿಯವರೆಗೆ ನಾವು ಎತ್ತಿನ ಗಾಡಿಯ ಜೊತೆ ಜೊತೆಗೆ, ಸಾವಕಾಶ, ಕರಜಗಿಯವರೆಗೆ ಹೋಗಿ ಬರುತ್ತಿದ್ದೆವು. ಎಂಜಿನ್ನು ತುಪ್ಪ ಸುರಿದಂತೆ ಓಡುತ್ತಿತ್ತು. ಕಾಕಾ ದಾರಿಯಲ್ಲಿ ಲೇಥು ಎಲ್ಲಿ ಇಡಬೇಕು, ಬಾಗಿಲು ಯಾವ ಕಡೆ ಒಡೆಸಬೇಕು ಎಂದು ಮಾತಾಡುತ್ತಿದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

ಪಾಡ್ಯದ ಮುಂಜಾನೆ ಸರಕಾರರ ಬಳಗದವರು ಪುಣೆ ಕಡೆಯಿಂದ ಬಂದಿದ್ದರು. ವಳಸಂಗದ ದಾರಿಯ ಇಳಿಜಾರಿನಿಂದ ವಾಡೆಯ ಮುಂದಿನವರೆಗೆ ಪೂರಾ ವೇಗದಲ್ಲಿ ಗಾಡಿ ಬರಬೇಕೆಂದು ಅಪ್ಪಣೆಯಾಯಿತು. ಊರ ಮಂದಿಯೆಲ್ಲ ದಾರಿಯ ಎರಡೂ ಬದಿ ನಿಂತಿತ್ತು. ನಾನು ಕಾಲು ಒತ್ತಿದೆ. ಅಂಥ ವೇಗ ನನ್ನ ಜನ್ಮದಲ್ಲಿ ಅದೊಂದೇ ಸಲ. ಕಣ್ಣಲ್ಲಿ ನೀರು, ಕಿವಿಯಲ್ಲಿ ಗಾಳಿ, ಬೇರೇನೂ ಇಲ್ಲ. ವಾಡೆಯ ಬಾಗಿಲು ಕಾಣುತ್ತಿದ್ದಂತೆ ಕಾಕಾನ ಒಂದು ಕೈ ನನ್ನ ಮೊಣಕಾಲನ್ನು ಪೆಡಲಿನಿಂದ ಎತ್ತಿ ಎಸೆಯಿತು, ಇನ್ನೊಂದು ಎಂಜಿನ್ನಿನ ಸ್ವಿಚ್ಚು ತಿರುಗಿಸಿತು. ಗಾಡಿ ಉಸಿರು ಕಟ್ಟಿದಂತೆ ಜಾರುತ್ತ ಜಾರುತ್ತ ಮಂದಿಯ ನಡುವೆ ಬಂದು ನಿಂತಿತು.

“ಏನಾತೋ ಕಾಕಾ?” ಎಂದೆ. ನನಗೆ ಏನೂ ಕೇಳಿಸಿರಲಿಲ್ಲ.

“ಅಂಗಾಲಿಗಿ ಬಡೀತು” ಎಂದ. ಅವನ ಮುಖ ಬೂದಿಯಾಗಿತ್ತು. “ಇನ್ನೊಂದ ಫರ್ಲಾಂಗ ಹೋಗಿದ್ರ ನೀ ಇರತಿದ್ದಿಲ್ಲ ತಮ್ಮಾ.”

ಬಂದ ಬಳಗ ನಕ್ಕಿತು. ಊರ ಮಂದಿ ಗಾಡಿಯನ್ನು ನೂಕಿಕೊಂಡು ಹಿಂದಿನ ಛಪ್ಪರಕ್ಕೆ ತಂದು ಬಿಟ್ಟಿತು. ಕಾಕಾ ಕೂಡಲೇ ಬಿಚ್ಚಲು ಕೂತ. ಒಂದನೆಯ ರಾಡಿನ ಮೇಲಿನ ಪಿನ್ನು ಎಣ್ಣೆಯಿಲ್ಲದೆ ಸುಟ್ಟು ನೀಲಿಯಾಗಿ ಹಿಡಿದುಕೊಂಡಿತ್ತು. ರಾಡಿನ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು. ಕಾಕಾ ತೂತನ್ನು ಹುಡುಕಿದ. ಬಿಳಿ ಲೋಹದ ನಡುವೆ ತೂತೇ ಕಾಣಲಿಲ್ಲ. ಬೆರಳಿನಿಂದ ತಡಕಿ, ತಂತಿಯಿಂದ ಚುಚ್ಚಿದ. ಗಟ್ಟಿಯಾದ ಬಿಳಿ ಹಿಟ್ಟು ಉದುರಿ ಅವನ ಅಂಗೈಯಲ್ಲಿ ಬಿತ್ತು. ಅದನ್ನು ಮೂಗಿಗೆ ಹಿಡಿದ, ಎರಡು ಬೆರಳಲ್ಲಿ ತಿಕ್ಕಿದ, ಬಹಳ ಹೊತ್ತು ನೋಡಿದ. ನಾಲ್ಕೂ ರಾಡು ಬಿಚ್ಚಿದ. ನಾಲ್ಕರಲ್ಲೂ ಅದೇ. ಸಾವಕಾಶ ಓಡುವಾಗ ಸಿಡಿಯುವ ಎಣ್ಣೆಯೇ ಪಿನ್ನಿಗೆ ಸಾಕಾಗಿತ್ತು, ಪೂರಾ ವೇಗಕ್ಕೆ ಸಾಲಲಿಲ್ಲ.

“ವಿಭೂತಿ” ಎಂದ. ನನಗಲ್ಲ, ತನಗೇ ಹೇಳಿಕೊಂಡಂತೆ.

ಅಷ್ಟರಲ್ಲಿ ಸರಕಾರರು ಬಂದರು. ಕಾಕಾ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಎದ್ದು ನಿಂತ.

“ಕಾಯ್ ಝಾಲಂ ಮಿಸ್ತ್ರಿ?” ಎಂದು ಸರಕಾರರು ಮರಾಠಿಯಲ್ಲೇ ಕೇಳಿದರು. ಸಿಟ್ಟಿರಲಿಲ್ಲ, ಏನಾಯಿತೆಂದು ತಿಳಿಯಬೇಕಿತ್ತು ಅಷ್ಟೆ.

“ನಂದ ತಪ್ಪರಿ ಸರಕಾರ. ಎಣ್ಣಿ ತೂತ ಸ್ವಚ್ಛ ಮಾಡೂದು ಮರತನ್ರಿ.”

“ಮರೆತಿ? ನೀನು?” ಸರಕಾರರಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ನೋಡಿದರು. ಗಾಳಿ ನನ್ನ ಕೆನ್ನೆಗೆ ಬಡಿದದ್ದನ್ನು ನಾನು ಹೇಳಬೇಕೆಂದಿದ್ದೆ. ಬಾಯಿ ತೆರೆದಿದ್ದೆ ಕೂಡ. ಕಾಕಾ ನನ್ನ ಕಾಲಿನ ಮೇಲೆ ತನ್ನ ಬರಿಗಾಲನ್ನಿಟ್ಟು ಒತ್ತಿದ. ಸುಮ್ಮನಾದೆ. ಸರಕಾರರು ಸ್ವಲ್ಪ ಹೊತ್ತು ನಿಂತಿದ್ದರು. ಬೇರೆ ಉತ್ತರವನ್ನು ಕಾಯುತ್ತಿದ್ದರೋ ಏನೋ. ಆಮೇಲೆ ಬಳಗದವರ ಕಡೆ ಹೊರಟುಹೋದರು. ಅವರೂ ದಣಿದಿದ್ದರು ಅನ್ನಿಸುತ್ತದೆ.

ಸಂಜೆ ಕಾಕಾನ ಜೊತೆ ಅವನ ಮನೆಗೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಹೆಜ್ಜೆಯ ಸಪ್ಪಳದಿಂದಲೇ ಮಗನನ್ನು ಗುರುತಿಸಿದಳು.

“ಗಾಡಿ ಓಡಿತೇನಪಾ?”

“ಓಡಿತವ್ವಾ.”

“ಓಡಲಾರದ ಏನು! ನಾ ಪೂಜಿ ಮಾಡೀನಿ” ಎಂದು ಆಯಿ ನನ್ನ ಕಡೆ ತಿರುಗಿದಳು. “ಇವಗ ಕಣ್ಣ ಇದ್ದೂ ಕಾಣಂಗಿಲ್ಲಪಾ ತಮ್ಮಾ. ಹೊಸಾ ಕಬ್ಬಿಣ ಅಂದ, ನಾ ಕೈಯಾಡಿಸಿ ನೋಡಿದ್ರ ನಾಕಕ್ಕೂ ತೂತ ಬಿದ್ದಿತ್ತು. ಭಿನ್ನ ಆದದ್ದಕ್ಕ ಪೂಜಿ ಸಲ್ಲಂಗಿಲ್ಲ. ವಿಭೂತಿ ನಾದಿ ಗಚ್ಚಾಗಿ ಮೆತ್ತಿ, ಸಮ ಮಾಡಿ, ಆಮ್ಯಾಲ ಪೂಜಿ ಮಾಡಿದ್ನಿ.”

ಕಾಕಾ ಬಚ್ಚಲ ಕಲ್ಲಿನ ಮೇಲೆ ಕೈ ತೊಳೆಯುತ್ತಿದ್ದ. ತೊಳೆಯುತ್ತಲೇ ಇದ್ದ. “ಚಲೋ ಮಾಡಿದಿ ಬಿಡವ್ವಾ” ಎಂದ.

ನನ್ನನ್ನು ಬೀದಿಯ ತಿರುವಿನವರೆಗೆ ಕಳಿಸಲು ಬಂದ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಸರಕಾರರಿಗೆ ಇದ್ದದ್ದು ಇದ್ದಹಾಗೆ ಹೇಳಿದರೆ ಅವರು ನಕ್ಕು ಬಿಡುತ್ತಾರೆ, ಮುದುಕಿಯನ್ನು ಯಾರು ಬೈಯುತ್ತಾರೆ, ಲೇಥು ಯಾಕೆ ಬಿಡುತ್ತಿ ಎಂದೆಲ್ಲ ಅಂದೆ. ಕಾಕಾ ಗೋಡೆಗೆ ಒರಗಿ ನಿಂತ.

“ಸರಕಾರ ನಗತಾರ. ಊರೂ ನಗತೈತಿ. ನಾಳೆ ಕಟ್ಟಿಗಿ ಬಂದು ಯಾವನರೆ ಆಕಿ ಮುಂದನೂ ನಗತಾನ. ಆಕಿ ಕಣ್ಣ ಹೋಗ್ಯಾವು, ಕಾಲ ಹೋಗ್ಯಾವು. ಪೂಜಿ ಒಂದ ಉಳದೈತಿ ತಮ್ಮಾ. ಅದನ್ನೂ ನಾನ ಕಸಗೊಳ್ಳಲೇನು? ಲೇಥ್ ಇಲ್ಲಂದ್ರ ಮಿರಜಿಗಿ ಹೋಗೂಣು. ನೀ ಇದನ್ನ ಎಲ್ಲೂ ಬಾಯಿ ಬಿಡಬ್ಯಾಡ.”

ಬಿಡುವುದಿಲ್ಲವೆಂದು ಅವನ ಕೈ ಮುಟ್ಟಿ ಹೇಳಿದೆ.

ಗಾಡಿಯನ್ನು ಮುಂಬಯಿಗೆ ಕಳಿಸಿದರು. ಮರಳಿ ಬರಲಿಲ್ಲ. ಲೇಥು ಮುಂದೊಂದು ದಿನ ಲಾರಿಯೇರಿ ಯಾವ ಊರಿಗೋ ಹೋಯಿತು. ಅದು ಹೋಗುವಾಗ ಕಾಕಾ ವಾಡೆಯ ಇನ್ನೊಂದು ಹಳೆಯ ಗಾಡಿಯ ಕೆಳಗೆ ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು.

ಮಿಸ್ತ್ರಿ ಎಣ್ಣೆಯ ತೂತು ಮರೆತನೆಂಬ ಮಾತು ಊರಿನಿಂದ ಊರಿಗೆ ಹಬ್ಬಿತು. ಹಿಟ್ಟಿನ ಗಿರಣಿಯ ಎಂಜಿನ್ನು ರಿಪೇರಿಗೆ ಕರೆದವರೂ, ಬಾವಿಯ ಪಂಪಿಗೆ ಕರೆದವರೂ “ತೂತ ನೋಡೀಯೇನೋ ಮಿಸ್ತ್ರಿ?” ಎಂದು ಒಂದು ಚಾಷ್ಟಿ ಮಾಡದೆ ಬಿಡುತ್ತಿರಲಿಲ್ಲ. “ನೋಡೀನ್ರಿ” ಎಂದು ಇವನೂ ನಗುತ್ತಿದ್ದ. ಕೆಲವರು ಕರೆಯುವುದನ್ನೇ ಬಿಟ್ಟರು. ಪ್ರತಿ ವರ್ಷ ಖಂಡೇ ಪೂಜೆಗೆ ಹತಾರುಗಳನ್ನು ಅವ್ವನ ಮುಂದೆ ತಂದಿಡುವುದನ್ನು ಮಾತ್ರ ಅವನು ತಪ್ಪಿಸಲಿಲ್ಲ. ಪೂಜೆ ಮುಗಿದ ಮೇಲೆ ಹಿತ್ತಲಿಗೆ ಒಯ್ದು ಒಂದೊಂದರ ಸಂದಿಗೊಂದಿಯನ್ನೂ ತಂತಿಯಿಂದ ಕೆದಕುತ್ತ ಕೂರುತ್ತಿದ್ದ. ಆ ಹೊತ್ತಿನಲ್ಲಿ ಅವನ ಬೆನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಹೋಗಿ ಪಕ್ಕದಲ್ಲಿ ಕೂತು ನಾನೂ ಒಂದು ತಂತಿ ಹಿಡಿಯುತ್ತಿದ್ದೆ.

ಮುಂದೆ ನಾನು ಸಾರಿಗೆ ಇಲಾಖೆಯ ಎಸ್.ಟಿ. ಬಸ್ಸಿನ ಡ್ರೈವರಾದೆ. ವಾಡೆಗೆ ಬೀಗ ಬಿತ್ತು. ಮಿರಜಿನ ಧರ್ಮಶಾಲೆಯ ಹಾಸುಗಲ್ಲಿನಲ್ಲಿ ಮಲಗಿ ಮಲಗಿ ಕಾಕಾನಿಗೆ ಕೆಮ್ಮು ಹತ್ತಿತು. ಒಂದು ಬೇಸಿಗೆಯ ಮಧ್ಯಾಹ್ನ ಯಾರದೋ ಜೀಪಿನ ಕೆಳಗೆ ಮಲಗಿದವನನ್ನು ಕಾಲು ಹಿಡಿದು ಎಳೆದರೆ, ಬಿಚ್ಚಾಕತ್ತೀನ್ರೀ ಎನ್ನಲಿಲ್ಲವಂತೆ. ಸುದ್ದಿ ನನಗೆ ಮುಟ್ಟಿದಾಗ ಬಸ್ಸು ಜತ್ತದ ನಾಕಾದಲ್ಲಿತ್ತು. ಮಂದಿಯನ್ನು ಊರು ಮುಟ್ಟಿಸಿ, ರಜೆ ಹಾಕಿ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಆಯಿ ಅದೇ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತೋ, ಅಳಲು ತ್ರಾಣವಿರಲಿಲ್ಲವೋ. ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. ಸುತ್ತ ಮಂದಿ ಕಡಿಮೆಯಾದ ಮೇಲೆ ಕೇಳಿದಳು.

“ತಮ್ಮಾ, ಮಂದಿ ಇವತ್ತ ಮಣ್ಣಿಗಿ ಬಂದಾಗನೂ ಮಾತಾಡಿದ್ರು, ನಾ ಕೇಳಿದ್ನಿ. ವಾಡೇದ ಗಾಡಿ ನನ್ನ ಮಗನ ಕೈಯಾಗ ಕೆಟ್ಟಿತ್ತಂತ. ಅಂವ ಓಡಿತು ಅಂತ ನನ್ನ ಮುಂದ ಹೇಳಿದ್ದ. ನೀ ಅವನ ಜೋಡಿ ಇದ್ದಿ. ಖರೇ ಹೇಳು. ನನ್ನ ಮಗ ಕೆಲಸ ಕೆಡಿಸಿದ್ನೇನು?”

ಹೇಳಬೇಕಾದ ಉತ್ತರ ನನಗೆ ಗೊತ್ತಿತ್ತು. ನಿನ್ನ ಮಗನಂಥ ಕೈ ಈ ಜಿಲ್ಲೆಯಲ್ಲೇ ಇರಲಿಲ್ಲ ಆಯಿ, ಅವನು ಏನೂ ಕೆಡಿಸಲಿಲ್ಲ. ಆದರೆ ಅಷ್ಟು ಹೇಳಿದರೆ, ಹಾಗಾದರೆ ಕೆಡಿಸಿದವರಾರು ಎಂದು ಅವಳು ಕೇಳುತ್ತಿದ್ದಳು. ಕೇಳದೆ ಬಿಡುವವಳಲ್ಲ. ಈ ಜೀವ, ಈ ಎರಡು ಕಾಲು ಅವನು ಉಳಿಸಿಕೊಟ್ಟದ್ದು. ಇದಕ್ಕೆ ಬದಲಾಗಿ ಅವನು ನನ್ನಿಂದ ಕೇಳಿದ್ದು ಒಂದೇ ಮಾತು.

“ಹೌದ ಆಯಿ” ಎಂದೆ. “ಅದೊಂದ ಸಲ ಕಾಕಾನ ಕೈ ತಪ್ಪಿತ್ತು.”

ಆಯಿ ನನ್ನ ಕೈಯನ್ನು ತಟ್ಟಿದಳು.

“ಇರ್ಲಿ ಬಿಡಪಾ. ಮನಷ್ಯಾ ಅಂದಮ್ಯಾಲ ತಪ್ಪತೈತಿ. ಅವ್ವನ ಮುಂದ ಹೇಳಾಕ ಅಂಜಿರಬೇಕು, ಹುಚ್ಚ. ಹೇಳಿದ್ರ ನಾ ಏನ ಬೈತಿದ್ನೇನು?”

ಹೆತ್ತ ಮಗನನ್ನು ಅವಳು ಅಲ್ಲೇ, ಆಗಲೇ ಕ್ಷಮಿಸಿಬಿಟ್ಟಳು. ಅವನು ಮಾಡದ ತಪ್ಪಿಗೆ. ನಾನು ಎದ್ದು ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತೆ.